‘ನಾಳಿ ಬರ್ರಿ’ ಅಂದಾಗ ಏನು ಮಾಡಬೇಕು: ಗುಳೆಯಿಂದ ಮರಳಿದ ಮಗುವನ್ನು ಶಾಲೆಗೆ ಸೇರಿಸಿ, ಉಳಿಸಿಕೊಳ್ಳುವ ಬಗೆ

ಮಗುವನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಯಾವ ಹೆಡ್‌ಮಾಸ್ತರೂ ಬರೆದು ಕೊಡುವುದಿಲ್ಲ. ಬಾಯಿಬಿಟ್ಟು ಹಾಗೆ ಹೇಳುವವರೂ ಕಡಿಮೆ. ‘ನಾಳಿ ಬರ್ರಿ’, ‘ಟಿ.ಸಿ. ತಗೊಂಡ್ ಬರ್ರಿ’, ‘ಈಗ ಬ್ಯಾಡ್ರಿ, ಜೂನ್‌ದಾಗ ನೋಡಮು’, ‘ಕಂಪ್ಯೂಟರ್ ತಗೊಳವಲ್ದು’ ಎಂಬ ನಾಲ್ಕು ಮಾತಿನಲ್ಲೇ ಕೆಲಸ ಮುಗಿದಿರುತ್ತದೆ. ಮೂರು ದಿನದ ಕೂಲಿ ಬಿಟ್ಟು ಓಡಾಡಿದ ತಾಯಿ ನಾಲ್ಕನೆಯ ದಿನ ಮಗಳನ್ನು ಹತ್ತಿ ಬಿಡಿಸಲು ಕರೆದುಕೊಂಡು ಹೋಗುತ್ತಾಳೆ. ಶಾಲೆಯ ಕಾಗದದಲ್ಲಿ ಮಾತ್ರ ‘ಪಾಲಕರಿಗೆ ಆಸಕ್ತಿ ಇಲ್ಲ’ ಎಂದು ಉಳಿಯುತ್ತದೆ.

ಇದು ಯಾದಗಿರಿ, ಕಲಬುರಗಿ, ಬೀದರ್ ಜಿಲ್ಲೆಗಳ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ತಾಂಡಾ ಮತ್ತು ಕೇರಿಗಳ ಓದುಬಲ್ಲ ಹುಡುಗ ಹುಡುಗಿಯರಿಗಾಗಿ ಬರೆದ ಕೈಪಿಡಿ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡ ಕೆಲಸದಿಂದಲೋ ಕಬ್ಬು ಕಡಿಯುವ ಗ್ಯಾಂಗಿನಿಂದಲೋ ಮರಳಿದ ಕುಟುಂಬದ ಮಗುವನ್ನು ಲೆಕ್ಕಕ್ಕೆ ಇಟ್ಟುಕೊಂಡು ಬರೆದಿದ್ದೇವೆ. ಬಾಯಿಮಾತಿನ ‘ಇಲ್ಲ’ವನ್ನು ಕಾಗದಕ್ಕೆ ಇಳಿಸುವುದು ಇಲ್ಲಿನ ಕೆಲಸದ ಅರ್ಧ. ಸೇರಿದ ಮಗು ತರಗತಿಯ ಒಳಗೇ ಹೊರಗಾಗದಂತೆ ನೋಡಿಕೊಳ್ಳುವುದು ಇನ್ನರ್ಧ, ಮತ್ತು ಅದೇ ಕಷ್ಟದ್ದು.

ಮೊದಲು ಕೇಳಬೇಕಾದ ಪ್ರಶ್ನೆ: ಹೆಸರು ಇದೆಯೋ ಇಲ್ಲವೋ

ಅರ್ಜಿ ಬರೆಯುವ ಮುಂಚೆ ಮಗುವಿನ ಹೆಸರು ಈಗ ಎಲ್ಲಿದೆ ಎಂದು ಪತ್ತೆ ಮಾಡಿ. ಎಷ್ಟೋ ಸಲ ಹೆಸರು ಅದೇ ಊರಿನ ಶಾಲೆಯ ಹಾಜರಿಯಲ್ಲೇ ಇರುತ್ತದೆ, ಮಗು ಮಾತ್ರ ಇರುವುದಿಲ್ಲ. ಹಾಗಿದ್ದರೆ ದಾಖಲಾತಿಯೂ ಬೇಡ, ಟಿ.ಸಿ.ಯೂ ಬೇಡ. ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಕರೆದುಕೊಂಡು ಹೋಗಿ ನಿಲ್ಲಿಸಿದರೆ ಸಾಕು. ಬಹಳ ದಿನ ಬರಲಿಲ್ಲವೆಂದು ಹೆಸರು ಹೊಡೆದುಹಾಕಿದ್ದೇವೆ ಎಂದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮು ನೆನಪಿಸಿ. ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ತೆಗೆದುಹಾಕುವಂತಿಲ್ಲ. ಐದು ಮತ್ತು ಎಂಟರಲ್ಲಿ ಅನುತ್ತೀರ್ಣ ಮಾಡಲು 2019ರ ತಿದ್ದುಪಡಿ ರಾಜ್ಯಗಳಿಗೆ ಅವಕಾಶ ಕೊಟ್ಟಿತು, ಆದರೆ ಹೊರಹಾಕಬಾರದೆಂಬ ಮಾತು ಹಾಗೆಯೇ ಉಳಿದಿದೆ.

ಹೆಸರು ಕರ್ನಾಟಕದ ಬೇರೆ ಶಾಲೆಯಲ್ಲಿದ್ದರೆ ಮಗುವಿನ ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆಯ ಕಂಪ್ಯೂಟರಿನಲ್ಲಿ ಪ್ರತಿ ಮಗುವಿಗೂ ಇರುವ ಗುರುತಿನ ಸಂಖ್ಯೆ) ಬೇಕು. ಹಳೆಯ ಅಂಕಪಟ್ಟಿಯ ಮೇಲೆ ಇರುತ್ತದೆ. ಅದು ಕಳೆದಿದ್ದರೆ ಅಣ್ಣ ತಮ್ಮಂದಿರ ಅಂಕಪಟ್ಟಿ ಹಿಡಿದು ಆ ಶಾಲೆ ಯಾವುದೆಂದು ಗುರುತಿಸಿ ಫೋನು ಮಾಡಿ. ‘ಕಂಪ್ಯೂಟರ್ ತಗೊಳವಲ್ದು’ ಎಂಬ ಮಾತು ಹುಟ್ಟುವುದು ಇಲ್ಲಿಯೇ: ಹಳೆಯ ಶಾಲೆಯವರು ತಮ್ಮ ಲಾಗಿನ್‌ನಿಂದ ಮಗುವನ್ನು ಬಿಟ್ಟುಕೊಡದಿದ್ದರೆ ಹೊಸ ಶಾಲೆಯವರಿಗೆ ಸೇರಿಸಲು ಬರುವುದಿಲ್ಲ. ಆದರೆ ಅದು ಎರಡು ಕಚೇರಿಗಳ ನಡುವಿನ ಕೆಲಸ. ಮಗು ಆ ತನಕ ಗೇಟಿನ ಹೊರಗೆ ನಿಲ್ಲಬೇಕಿಲ್ಲ. ತರಗತಿಯಲ್ಲಿ ಕೂರಿಸಿ, ಊಟ ಹಾಕಿ, ಪುಸ್ತಕ ಕೊಟ್ಟು, ಸ್ಯಾಟ್ಸ್ ಆಮೇಲೆ ಸರಿ ಮಾಡಿಕೊಳ್ಳಬಹುದು. ಹಳೆಯ ಶಾಲೆ ಸುಮ್ಮನಿದ್ದರೆ ಅದರ ಮೇಲಿನ ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ) ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಒಂದು ಪತ್ರ ಹೋಗಲಿ.

ಮಹಾರಾಷ್ಟ್ರ, ತೆಲಂಗಾಣದಲ್ಲಿ ಓದಿದ ಮಗುವಿಗೆ ಸ್ಯಾಟ್ಸ್ ಇರುವುದಿಲ್ಲ. ಅಲ್ಲಿನ ಶಾಲೆ ಕೊಟ್ಟ ಪೆನ್ ಸಂಖ್ಯೆ (ದೇಶದ ಎಲ್ಲೆಡೆ ನಡೆಯುವ ಶಾಶ್ವತ ಶಿಕ್ಷಣ ಸಂಖ್ಯೆ) ಇದ್ದರೆ ಕೆಲಸ ಹಗುರ, ಇಲ್ಲದಿದ್ದರೂ ನಿಲ್ಲುವುದಿಲ್ಲ. ಕಾಯ್ದೆಯ 5ನೇ ಕಲಮು ರಾಜ್ಯದೊಳಗಿನ ಬದಲಾವಣೆಗೂ ಹೊರಗಿನದಕ್ಕೂ ಒಂದೇ ಮಾತು ಹೇಳುತ್ತದೆ. ಟಿ.ಸಿ. ತಡವಾಯಿತೆಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ದಾಖಲಾತಿ ತಡೆಯುವಂತಿಲ್ಲ, ನಿರಾಕರಿಸುವಂತೆಯೂ ಇಲ್ಲ. ಟಿ.ಸಿ. ಕೊಡಲು ತಡಮಾಡಿದ ಮುಖ್ಯಗುರುಗಳ ಮೇಲೆ ಶಿಸ್ತುಕ್ರಮಕ್ಕೂ ಅದೇ ಕಲಮಿನಲ್ಲಿ ದಾರಿಯಿದೆ. ಈ ಎರಡನೇ ಭಾಗವನ್ನು ಜೋರಾಗಿ ಹೇಳುವ ಅಗತ್ಯ ಬರುವುದಿಲ್ಲ. ಅರ್ಜಿಯಲ್ಲಿ ಕಲಮಿನ ಸಂಖ್ಯೆ ಕಂಡರೆ ಓದುವವರಿಗೆ ತಿಳಿಯುತ್ತದೆ.

ಯಾವ ಕಾಗದ ಬೇಕು, ಯಾವುದು ಬೇಡ

ಜನನ ಪ್ರಮಾಣಪತ್ರ ಇಲ್ಲವೆಂದು ವಾಪಸ್ ಕಳಿಸುವಂತಿಲ್ಲ (14ನೇ ಕಲಮು). ಅದರ ಬದಲು ಆಸ್ಪತ್ರೆ ಅಥವಾ ಎಎನ್‌ಎಂ ರಿಜಿಸ್ಟರಿನ ನಮೂದು, ಅಂಗನವಾಡಿ ದಾಖಲೆ, ಅದೂ ಇಲ್ಲದಿದ್ದರೆ ತಂದೆ ಅಥವಾ ತಾಯಿ ಬರೆದುಕೊಟ್ಟ ವಯಸ್ಸಿನ ಹೇಳಿಕೆ ನಡೆಯುತ್ತದೆ. ತಾಯಿ ಕಾರ್ಡ್ (ಬಸುರಿಯಾಗಿದ್ದಾಗ ಕೊಟ್ಟ ತಾಯಿ ಮಗುವಿನ ಆರೋಗ್ಯ ಕಾರ್ಡ್) ಮನೆಯಲ್ಲಿದ್ದರೆ ಅದೇ ಎಲ್ಲಕ್ಕಿಂತ ಗಟ್ಟಿ. ಟ್ರಂಕಿನ ತಳದಲ್ಲಿ ಹುಡುಕಿಸಿ. ಆಧಾರ್ ಇಲ್ಲವೆಂದು ಯಾವ ಮಗುವಿಗೂ ಸೌಲಭ್ಯ ತಪ್ಪಿಸಬಾರದು, 6ರಿಂದ 14 ವರ್ಷದವರ ದಾಖಲಾತಿಗೆ ಅದನ್ನು ಕಡ್ಡಾಯ ಮಾಡಬಾರದು ಎಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರಿನ ತೀರ್ಪಿನಲ್ಲೇ ಹೇಳಿದೆ.

ತಂದೆಯ ಹೆಸರಿನ ಕಾಲಂ ನಮ್ಮ ಭಾಗದಲ್ಲಿ ಬಹಳ ಮಕ್ಕಳನ್ನು ಹೊಸ್ತಿಲಲ್ಲೇ ತಡೆಯುತ್ತದೆ. ದೇವದಾಸಿ ತಾಯಂದಿರ ಮಕ್ಕಳು, ಗಂಡ ಬಿಟ್ಟುಹೋದವರ ಮಕ್ಕಳು ನಾಲ್ಕು ಜನರ ಮುಂದೆ ‘ತಂದಿ ಹೆಸರೇನು’ ಎಂಬ ಪ್ರಶ್ನೆಗೆ ಹೆದರಿ ಬರುವುದೇ ಇಲ್ಲ. ತಂದೆಯ ಹೆಸರು ಹೇಳಲು ಮದುವೆಯಾಗದ ತಾಯಿಯನ್ನು ಬಲವಂತ ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟು 2015ರಲ್ಲಿ ತೀರ್ಪು ಕೊಟ್ಟಿದೆ. ಪಾಲಕರ ಜಾಗದಲ್ಲಿ ತಾಯಿಯ ಹೆಸರು ಬರೆದು, ಇನ್ನೊಂದು ಕಾಲಂಗೆ ಗೆರೆ ಎಳೆದರೆ ಆಯಿತು. ಇದನ್ನು ಮುಖ್ಯಗುರುಗಳ ಜೊತೆ ಹಿಂದಿನ ದಿನವೇ ಒಬ್ಬರೇ ಹೋಗಿ ಮಾತಾಡಿ ಮುಗಿಸಿಡಿ. ದಾಖಲಾತಿಯ ದಿನ ತಾಯಿಯ ಮುಂದೆ ಆ ಪ್ರಶ್ನೆ ಏಳಲೇಬಾರದು.

ಜಾತಿ ಪ್ರಮಾಣಪತ್ರ ದಾಖಲಾತಿಗೆ ಬೇಕಿಲ್ಲ. ಆದರೆ ದಾಖಲಾತಿ ಪುಸ್ತಕದ ಜಾತಿ ಕಾಲಂ ತಪ್ಪಿದರೆ ಮುಂದೆ ನಾಡಕಚೇರಿಯಲ್ಲಿ ಅದೇ ಪುಸ್ತಕ ಎದುರು ನಿಲ್ಲುತ್ತದೆ. ವಿಶೇಷವಾಗಿ ಲಂಬಾಣಿ ಮಕ್ಕಳ ವಿಷಯದಲ್ಲಿ ಎಚ್ಚರ: ಅದೇ ಸಮುದಾಯ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಸೋಲಾಪುರದ ಶಾಲೆಯ ಟಿ.ಸಿ.ಯಲ್ಲಿ ಇದ್ದದ್ದನ್ನು ಇಲ್ಲಿ ಹಾಗೆಯೇ ಇಳಿಸಿಕೊಂಡರೆ ಹತ್ತು ವರ್ಷದ ನಂತರ ವಿದ್ಯಾರ್ಥಿವೇತನವೂ ಮೀಸಲಾತಿಯೂ ಸಿಕ್ಕಿಹಾಕಿಕೊಳ್ಳುತ್ತವೆ. ಹೆಸರಿನ ಅಕ್ಷರಗಳೂ ಅಷ್ಟೇ. ಆಧಾರ್‌ನಲ್ಲಿ ‘ಚವ್ಹಾಣ’, ಶಾಲೆಯಲ್ಲಿ ‘ಚೌಹಾಣ್’, ಬ್ಯಾಂಕಿನಲ್ಲಿ ಮತ್ತೊಂದು ಆದರೆ ದುಡ್ಡು ಬರುವುದಿಲ್ಲ. ಇನ್ನು ಹುಟ್ಟಿದ ದಿನ: ಯಾರೂ ಕೇಳದಿದ್ದರೆ ಜೂನ್ 1 ಎಂದು ಬರೆದುಬಿಡುವ ಚಾಳಿ ಹಳೆಯದು, ಊರಿನ ಅರ್ಧ ಮಕ್ಕಳು ಒಂದೇ ದಿನ ಹುಟ್ಟಿದಂತೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದ ಮೇಲೆ ಅದನ್ನು ತಿದ್ದಿಸಲು ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ದಾಖಲಾತಿ ಪುಸ್ತಕದಲ್ಲಿ ಬರೆಯುವಾಗಲೇ ಪಕ್ಕದಲ್ಲಿ ನಿಂತು ನೋಡಿ, ಆ ಪುಟದ ಫೋಟೊ ತೆಗೆದುಕೊಳ್ಳಿ.

ಅರ್ಜಿ

ಒಂದು ಪುಟ ಸಾಕು. ಎರಡು ಪ್ರತಿ ಮಾಡಿ. ಉದ್ದ ಬರೆದಷ್ಟೂ ಉತ್ತರ ಕೊಡದಿರಲು ಎಡೆ ಸಿಗುತ್ತದೆ. ಹೀಗಿರಲಿ:

ಗೆ,
ಮುಖ್ಯಗುರುಗಳು,
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, (ಊರು), ತಾ. (ತಾಲೂಕು), ಜಿ. ಯಾದಗಿರಿ

ವಿಷಯ: ನನ್ನ ಮಗಳನ್ನು ವಯಸ್ಸಿಗೆ ತಕ್ಕ ತರಗತಿಗೆ ದಾಖಲಿಸಿಕೊಳ್ಳಲು ಕೋರಿ.

ಮಾನ್ಯರೇ,
ನನ್ನ ಮಗಳು (ಹೆಸರು), ವಯಸ್ಸು 10 ವರ್ಷ. ಕೆಲಸಕ್ಕಾಗಿ ನಾವು (ಊರು) ಎಂಬಲ್ಲಿಗೆ ಹೋಗಿದ್ದರಿಂದ (ತಿಂಗಳು, ವರ್ಷ)ದಿಂದ ಶಾಲೆಗೆ ಹೋಗಿರುವುದಿಲ್ಲ. ಈಗ ಊರಿಗೆ ಮರಳಿದ್ದೇವೆ. ಶಿಕ್ಷಣ ಹಕ್ಕು ಕಾಯ್ದೆ 2009ರ ಕಲಂ 4, 5, 14 ಮತ್ತು 15ರ ಪ್ರಕಾರ ಆಕೆಯನ್ನು ಇಂದಿನಿಂದಲೇ ದಾಖಲಿಸಿಕೊಂಡು ವಿಶೇಷ ತರಬೇತಿ ಕೊಡಬೇಕೆಂದು ಕೋರುತ್ತೇನೆ. ದಾಖಲಿಸಿಕೊಳ್ಳಲು ಅಡಚಣೆ ಇದ್ದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕೆಂದು ವಿನಂತಿ.
ಲಗತ್ತು: ಅಂಗನವಾಡಿ ದಾಖಲೆ / ವಯಸ್ಸಿನ ಹೇಳಿಕೆ.
ದಿನಾಂಕ, ಸಹಿ ಅಥವಾ ಹೆಬ್ಬೆಟ್ಟು, ಫೋನ್ ಸಂಖ್ಯೆ.
ಪ್ರತಿ: ಕ್ಷೇತ್ರ ಶಿಕ್ಷಣಾಧಿಕಾರಿಗಳು, ಪಿಡಿಒ, ಗ್ರಾಮ ಪಂಚಾಯಿತಿ.

ಕೊನೆಯ ವಾಕ್ಯದಲ್ಲೇ ಇಡೀ ಅರ್ಜಿಯ ಜೀವ. ಕಾರಣ ಬರೆದುಕೊಡಬೇಕಾಗಿ ಬಂದಾಗ ಹೆಚ್ಚಿನವರು ಬರೆಯುವ ಬದಲು ಮಗುವನ್ನು ಸೇರಿಸಿಕೊಳ್ಳುತ್ತಾರೆ. 15ನೇ ಕಲಮು ‘ಜೂನ್‌ದಾಗ ನೋಡಮು’ ಎಂಬ ಮಾತಿಗೆ ಉತ್ತರ: ದಾಖಲಾತಿಯ ಅವಧಿ ಮುಗಿದ ಮೇಲೆ ಬಂದರೂ ನಿರಾಕರಿಸುವಂತಿಲ್ಲ. ಜನವರಿಯಲ್ಲಿ ಬಂದರೂ ಸರಿ, ಯುಗಾದಿಗೆ ಒಂದು ವಾರ ಮುಂಚೆ ಬಂದರೂ ಸರಿ.

ಕೊಡುವಾಗ ಜಗಳದ ದನಿ ಬೇಡ. ‘ಗುರುಗಳ, ನೀವ್ ಈಗ ಏನೂ ಹೇಳಬ್ಯಾಡ್ರಿ, ಇದರ ಮ್ಯಾಲ ಬಂದದ ಅಂತ ಒಂದ್ ಸಹಿ ಹಾಕ್ರಿ ಸಾಕು’ ಎಂದರೆ ಮುಕ್ಕಾಲು ಪಾಲು ಸಹಿ ಬೀಳುತ್ತದೆ. ಸಹಿ, ದಿನಾಂಕ, ಶಾಲೆಯ ಮೊಹರು ಮೂರೂ ಇರಲಿ. ಬರೀ ಸಹಿಯಿದ್ದರೆ ‘ಅದು ನಮ್ಮ ಅಡುಗೆಯವ್ವನ ಸಹಿ’ ಎಂದು ನಾಳೆ ಮಾತು ಬರಬಹುದು. ಸಹಿಯೇ ಹಾಕದಿದ್ದರೆ ವಾದ ಮಾಡದೆ ಎದ್ದು ಬಂದು, ಅದೇ ದಿನ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ನಿಮ್ಮ ಪ್ರತಿಗೆ ಪಿನ್ ಹೊಡೆಯಿರಿ. ಮೂರು ದಿನ ಕಾದು ಬಿಇಒ ಕಚೇರಿಯ ಆವಕ ವಿಭಾಗದಲ್ಲಿ ಕೊಟ್ಟು ಇನ್‌ವರ್ಡ್ ನಂಬರ್ ಬರೆಸಿಕೊಳ್ಳಿ. ಇನ್ನೊಂದು ವಾರಕ್ಕೆ ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು). ಅದಕ್ಕೂ ಮೇಲೆ ಕಲಬುರಗಿಯಲ್ಲೇ ಶಾಲಾ ಶಿಕ್ಷಣ ಇಲಾಖೆಯ ಅಪರ ಆಯುಕ್ತರ ಕಚೇರಿ ಇದೆ. ಬೆಂಗಳೂರಿಗೆ ಹೋಗುವ ಕೆಲಸವಿಲ್ಲ. 32ನೇ ಕಲಮಿನ ಕೆಳಗೆ ಸ್ಥಳೀಯ ಪ್ರಾಧಿಕಾರಕ್ಕೆ ಕೊಟ್ಟ ದೂರು ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು, ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಆದರೆ ಮೂರು ತಿಂಗಳು ಕಾಯುವಷ್ಟು ಹೊತ್ತಿಗೆ ಕುಟುಂಬ ಮತ್ತೆ ಗುಳೆ ಹೊರಟಿರುತ್ತದೆ. ಅದಕ್ಕೇ ಮಗುವನ್ನು ದಿನಾ ಶಾಲೆಗೆ ಕಳಿಸುತ್ತಲೇ ಇರಿ. ಗೇಟಿನ ಒಳಗೆ ಕೂತ ಮಗುವನ್ನು ಎಬ್ಬಿಸಿ ಕಳಿಸುವುದು ಹೊರಗೆ ನಿಂತ ಮಗುವನ್ನು ತಡೆಯುವುದಕ್ಕಿಂತ ಕಷ್ಟ.

ಯಾವ ತರಗತಿ

ವಯಸ್ಸಿಗೆ ತಕ್ಕ ತರಗತಿ ಎಂದು 4ನೇ ಕಲಮು ಹೇಳುತ್ತದೆ. ಓದಲು ಬಾರದ ಹತ್ತು ವರ್ಷದ ಹುಡುಗಿಯನ್ನು ಎರಡನೇ ತರಗತಿಯಲ್ಲಿ ಕೂರಿಸಿದರೆ ಅವಳು ನಾಚಿಕೆಯಿಂದಲೇ ಬಿಡುತ್ತಾಳೆ. ಐದರಲ್ಲಿ ಕೂರಿಸಿ ಕೈಬಿಟ್ಟರೆ ಅರ್ಥವಾಗದೆ ಬಿಡುತ್ತಾಳೆ. ಎರಡೂ ಕಡೆ ಸುಮಾರು ಮೂರು ವಾರ ಹಿಡಿಯುತ್ತದೆ. ಹಾಗಾಗಿ ವಿಶೇಷ ತರಬೇತಿ ಕೇಳಿ ಪಡೆಯಿರಿ. ನಿಯಮದ ಪ್ರಕಾರ ಕನಿಷ್ಠ 3 ತಿಂಗಳು, ಬೇಕಾದರೆ 2 ವರ್ಷದವರೆಗೆ. ಹದಿನಾಲ್ಕು ದಾಟಿದರೂ ಎಂಟನೆಯದು ಮುಗಿಯುವ ತನಕ ಉಚಿತ ಶಿಕ್ಷಣದ ಹಕ್ಕು ಉಳಿಯುತ್ತದೆ. ಎಸ್‌ಡಿಎಂಸಿ ಸಭೆಯಲ್ಲಿ ಕೇಳಬೇಕಾದ್ದು ಇಷ್ಟೇ: ಯಾರು ಕಲಿಸುತ್ತಾರೆ, ದಿನಕ್ಕೆ ಎಷ್ಟು ಹೊತ್ತು, ಯಾವ ಕೋಣೆಯಲ್ಲಿ. ಉತ್ತರ ನಡಾವಳಿ ಪುಸ್ತಕದಲ್ಲಿ ಬರೆಯಲಿ. ‘ಎಲ್ಲರೂ ಸೇರಿ ನೋಡಿಕೊಳ್ತೀವಿ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ.

ಮೊದಲ ದಿನ ಪರೀಕ್ಷೆ ಬೇಡ. ಅಕ್ಷರ, ಪದ, ಒಂದು ಸಣ್ಣ ಪ್ಯಾರಾ, ಹತ್ತರೊಳಗಿನ ಮತ್ತು ನೂರರೊಳಗಿನ ಕೂಡುವ ಕಳೆಯುವ ಲೆಕ್ಕ, ಇಷ್ಟನ್ನು ಪಕ್ಕದಲ್ಲಿ ಕೂತು ಹದಿನೈದು ನಿಮಿಷ ಕೇಳಿದರೆ ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗುತ್ತದೆ. ಪುಣೆಯಲ್ಲಿ ಎರಡು ವರ್ಷ ಮರಾಠಿ ಶಾಲೆಗೆ ಹೋದ ಮಗು ಕನ್ನಡದ ‘ಕ’ ತಿಳಿಯದೆ ಕೂರುತ್ತದೆ, ಆದರೆ ದೇವನಾಗರಿ ಲಿಪಿ ಬರುತ್ತದೆ. ಹಿಂದಿ ಪಾಠವನ್ನು ಮೊದಲ ವಾರದಲ್ಲೇ ಅವನಿಂದ ಗಟ್ಟಿಯಾಗಿ ಓದಿಸಿ. ‘ದಡ್ಡ’ ಎಂದುಕೊಂಡಿದ್ದ ತರಗತಿ ಅವನನ್ನು ನೋಡುವ ರೀತಿ ಆ ಒಂದು ಪಿರಿಯಡ್ಡಿನಲ್ಲಿ ಬದಲಾಗುತ್ತದೆ. ಕಟ್ಟಡದ ಕೆಲಸ ನೋಡಿದ ಮಕ್ಕಳಿಗೆ ಫೂಟು, ಇಂಚು, ಬ್ರಾಸು, ಸಿಮೆಂಟಿನ ಚೀಲದ ಲೆಕ್ಕ ಬಾಯಲ್ಲೇ ಇರುತ್ತದೆ. ಗಣಿತ ಅಲ್ಲಿಂದ ಹಿಡಿಯಬಹುದು.

ಒಳಗಿದ್ದೂ ಹೊರಗೆ

ಹೆಸರು ಹಾಜರಿಗೆ ಬಂದಾಯಿತು. ಈಗ ನೋಡಬೇಕಾದ್ದು ಕಣ್ಣಿಗೆ ಬೇಗ ಬೀಳುವುದಿಲ್ಲ, ಯಾಕೆಂದರೆ ಎಲ್ಲರಿಗೂ ಅದು ರೂಢಿಯಾಗಿರುತ್ತದೆ. ‘ನಮ್ಮ ಶಾಲೆಯಲ್ಲಿ ಭೇದ ಇಲ್ಲ’ ಎಂಬ ಉತ್ತರ ಸಿದ್ಧವಾಗಿರುವುದರಿಂದ ಭೇದ ಇದೆಯೇ ಎಂದು ಕೇಳುತ್ತ ಹೋಗಬೇಡಿ. ಹೋಗಿ ನೋಡಿ. ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧ ಪಾಲು ಹೆಂಗಸರು ಇರಬೇಕೆಂಬ ನಿಯಮ ಇರುವುದು ಇದಕ್ಕೇ. ಒಂದೇ ವಾರದಲ್ಲಿ ಮೂರು ಸಲ ಹೋಗಿ: ಒಂದು ದಿನ ಪ್ರಾರ್ಥನೆಯ ಹೊತ್ತಿಗೆ, ಒಂದು ದಿನ ಊಟಕ್ಕೆ, ಒಂದು ದಿನ ಕೊನೆಯ ಪಿರಿಯಡ್ಡಿಗೆ. ಕಂಡದ್ದನ್ನು ಮಾತ್ರ ಬರೆಯಿರಿ, ಅನಿಸಿದ್ದನ್ನಲ್ಲ. ಯಾರು ಯಾವ ಸಾಲಿನಲ್ಲಿ ಕೂತಿದ್ದರು, ನೀರಿನ ಕೊಡದಿಂದ ಯಾರು ತಾವೇ ತೋಡಿಕೊಂಡರು, ಯಾರಿಗೆ ಮೇಲಿಂದ ಹೊಯ್ದರು, ಕಸಬರಿಗೆ ಯಾರ ಕೈಯಲ್ಲಿತ್ತು, ಶೌಚಾಲಯಕ್ಕೆ ನೀರು ಹಾಕಲು ಯಾರನ್ನು ಕಳಿಸಿದರು, ಚಹಾ ತರಲು ಯಾರನ್ನು ಕಳಿಸಿದರು. ಕೊನೆಯ ಎರಡು ಪ್ರಶ್ನೆಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಬಹಳ ತಿಳಿಯುತ್ತದೆ.

ಊಟದ ಹೊತ್ತನ್ನು ಪೂರ್ತಿ ನೋಡಿ, ಮೊದಲ ಹತ್ತು ನಿಮಿಷ ನೋಡಿ ಬರಬೇಡಿ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟಕ್ಕೆ 150, 30, 75. ಅಂದರೆ ಕಿರಿಯ ತರಗತಿಗಳ 40 ಮಕ್ಕಳು ಬಂದ ದಿನ ಒಲೆಗೆ ಬೀಳಬೇಕಾದ್ದು 4 ಕಿಲೊ ಅಕ್ಕಿ, 800 ಗ್ರಾಂ ತೊಗರಿಬೇಳೆ, 2 ಕಿಲೊ ತರಕಾರಿ. ಅಳತೆ ಸರಿಯಿದ್ದೂ ಕೊನೆಯ ಐದಾರು ಮಕ್ಕಳಿಗೆ ನೀರುಸಾರು ಬೀಳುತ್ತಿದ್ದರೆ ತಪ್ಪು ಸಾಲಿನಲ್ಲಿದೆ. ದಿನಾ ಅದೇ ಮಕ್ಕಳು ಕೊನೆಗೆ ನಿಲ್ಲುತ್ತಿದ್ದಾರೆ. ಯಾರನ್ನೂ ಬೈಯದೆ ಇದನ್ನು ಸರಿಪಡಿಸುವ ಉಪಾಯ ಒಂದಿದೆ. ಸಾಲು ಹಾಜರಿ ಸಂಖ್ಯೆಯ ಮೇಲೆ ನಿಲ್ಲಲಿ. ಸೋಮವಾರ 1ರಿಂದ ಶುರು, ಮಂಗಳವಾರ ಕೊನೆಯ ಸಂಖ್ಯೆಯಿಂದ, ಬುಧವಾರ ನಡುವಿನಿಂದ. ತರಗತಿಯ ಸಾಲುಗಳಿಗೂ ಇದೇ ಕ್ರಮ: ಪ್ರತಿ ಸೋಮವಾರ ಒಂದು ಸಾಲು ಮುಂದಕ್ಕೆ. ‘ಹೊಸದಾಗಿ ಬಂದವರು’ ಎಂದು ಅವರನ್ನಷ್ಟೇ ಮುಂದೆ ತಂದು ಕೂರಿಸಿದರೆ ಅದೂ ಒಂದು ಗುರುತು ಹಚ್ಚಿದಂತೆ.

ಮಕ್ಕಳಿಗೆ ಮೊಟ್ಟೆ ಕೊಡುವುದು ರಾಜ್ಯದಲ್ಲಿ ಮೊದಲು ಶುರುವಾದದ್ದು ನಮ್ಮ ಭಾಗದ ಜಿಲ್ಲೆಗಳಲ್ಲೇ, 2021ರ ಡಿಸೆಂಬರಿನಲ್ಲಿ. ಬೇಡವಾದವರಿಗೆ ಬಾಳೆಹಣ್ಣು. ವ್ಯವಸ್ಥೆ ಒಳ್ಳೆಯದೇ. ಆದರೆ ಬಡಿಸುವವರ ಅನುಕೂಲಕ್ಕೆಂದು ಮೊಟ್ಟೆಯವರು ಈ ಕಡೆ, ಬಾಳೆಹಣ್ಣಿನವರು ಆ ಕಡೆ ಎಂದು ಕೂರಿಸಿದ ದಿನದಿಂದ ಊಟದ ಸಾಲು ಜಾತಿಯ ಸಾಲಾಗುತ್ತದೆ. ಎಲ್ಲರೂ ಕೂತ ಮೇಲೆ ಒಬ್ಬರು ಮೊಟ್ಟೆಯ ಬುಟ್ಟಿ, ಇನ್ನೊಬ್ಬರು ಹಣ್ಣಿನ ಬುಟ್ಟಿ ಹಿಡಿದು ಒಂದೇ ಸಾಲಿನಲ್ಲಿ ನಡೆಯಲಿ. ಹೆಚ್ಚು ಹಿಡಿದರೆ ಐದು ನಿಮಿಷ. ತಟ್ಟೆಗಳು ಮನೆಯಿಂದ ತರುವಂಥವಾದರೂ ಶಾಲೆಯವಾದರೂ, ತೊಳೆಯುವ ನಲ್ಲಿ ಮತ್ತು ಇಡುವ ಬುಟ್ಟಿ ಒಂದೇ ಇರಬೇಕು.

ಅಡುಗೆಯವರಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟು 2004ರ ಏಪ್ರಿಲಿನಲ್ಲೇ ಆದೇಶಿಸಿದೆ. ಅವರು ಅಡುಗೆ ಶುರು ಮಾಡಿದಾಗ ಕೆಲವು ಪಾಲಕರು ಮಕ್ಕಳಿಗೆ ಬುತ್ತಿ ಕಟ್ಟಿ ಕಳಿಸತೊಡಗಿದರೆ, ಮೊದಲ ದಿನವೇ ಗುರುಗಳು ಮಕ್ಕಳ ಜೊತೆ ಕೂತು ಅದೇ ಊಟ ಮಾಡಬೇಕು. ಎರಡನೇ ವಾರಕ್ಕೆ ಬಿಟ್ಟರೆ ಅದು ಊರಿನ ಹಟವಾಗುತ್ತದೆ. ಇಂಥಲ್ಲಿ ಬರುವ ಕೆಟ್ಟ ಸಲಹೆ ಒಂದೇ ತರಹದ್ದು: ಅಡುಗೆಯವ್ವನನ್ನು ‘ಸ್ವಲ್ಪ ದಿನ’ ತರಕಾರಿ ಹೆಚ್ಚುವ ಕೆಲಸಕ್ಕೆ ಸರಿಸಿ ಎಂಬುದು. ಸರಿಸಿದ ಮೇಲೆ ಆ ಸ್ವಲ್ಪ ದಿನ ಮುಗಿಯುವುದೇ ಇಲ್ಲ.

ಗುರುಗಳ ಬಾಯಿಂದ ಗೊತ್ತಿಲ್ಲದೆ ಬರುವ ಮಾತುಗಳೂ ಇವೆ. ‘ಎಸ್‌ಸಿ ಹುಡುಗರು ಎದ್ದು ನಿಲ್ರಿ, ಸ್ಕಾಲರ್‌ಶಿಪ್ ಫಾರಂ ಅದ’ ಎಂಬುದು ಒಳ್ಳೆಯ ಉದ್ದೇಶದ್ದೇ, ಆದರೆ ಅಂದಿನಿಂದ ಆ ಮಗುವಿನ ಹೆಸರು ಬದಲಾಗುತ್ತದೆ. ಹೆಸರಿನ ಪಟ್ಟಿ ಮಾಡಿಕೊಂಡು ಆಫೀಸಿಗೆ ಒಬ್ಬೊಬ್ಬರನ್ನೇ ಕರೆದರೆ ಸಾಕು. ‘ತಾಂಡಾದವರು’, ‘ಬಾಂಬೇದವರು’, ‘ಏ ಪುಣೆ’ ಎಂದು ಕರೆಯುವುದೂ ಹಾಗೆಯೇ. ಇದು ಮುಂದುವರಿದರೆ 17ನೇ ಕಲಮು ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ ಎಂಬುದನ್ನು ಸಭೆಯಲ್ಲಿ ಓದಿ ಹೇಳಬಹುದು.

ಅಂಗವಿಕಲ ಮಗುವಾದರೆ ಇನ್ನೊಂದು ಕಾಯ್ದೆ ಜೊತೆಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಶೇ 40 ಮತ್ತು ಮೇಲಿದ್ದರೆ 18 ವರ್ಷದವರೆಗೆ ಉಚಿತ ಶಿಕ್ಷಣ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಜಿಲ್ಲಾ ಆಸ್ಪತ್ರೆಯ ತಪಾಸಣೆ ಬೇಕು, ಆದರೆ ಕಾರ್ಡು ಬರುವ ತನಕ ದಾಖಲಾತಿ ಕಾಯುವುದಿಲ್ಲ.

ಠಾಣೆಗೆ ಹೋಗಬೇಕಾದಾಗ

ಸಾಲು ತಪ್ಪಿದ್ದನ್ನು ಸಭೆಯಲ್ಲಿ ಸರಿಪಡಿಸಬಹುದು. ಅಸ್ಪೃಶ್ಯತೆಯನ್ನು ಕಟ್ಟೆಯ ಮೇಲೆ ಕೂತು ರಾಜಿ ಮಾಡಿಸುವುದು ನಮ್ಮ ಅಭಿಪ್ರಾಯದಲ್ಲಿ ತಪ್ಪು. ನೀರು ಮುಟ್ಟಿದ್ದಕ್ಕೆ ಹೊಡೆದರು, ಜಾತಿ ಹೆಸರು ಹಿಡಿದು ಬೈದರು, ಶಾಲೆಯ ಒಳಗೆ ಬಿಡಲಿಲ್ಲ, ಎಲ್ಲರಿಗಿರುವ ತಟ್ಟೆ ಲೋಟ ಮುಟ್ಟಲು ಬಿಡಲಿಲ್ಲ ಎಂದಾದರೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ 1989ರ 3ನೇ ಕಲಮು ಅನ್ವಯಿಸುತ್ತದೆ. 2015ರ ತಿದ್ದುಪಡಿಯಿಂದ ಶಾಲೆಗೆ ಪ್ರವೇಶ ತಡೆಯುವುದು, ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕುವುದು, ಹಾಕುತ್ತೇವೆಂದು ಬೆದರಿಸುವುದೂ ಸೇರಿವೆ. ಶಿಕ್ಷೆ 6 ತಿಂಗಳಿನಿಂದ 5 ವರ್ಷ. ದೂರು ಕೊಟ್ಟ ಮನೆಗೆ ಕಿರಾಣಿ ಅಂಗಡಿಯಲ್ಲಿ ಸಾಮಾನು, ಗಿರಣಿಯಲ್ಲಿ ಹಿಟ್ಟು, ತೊಗರಿ ರಾಶಿಗೆ ಕೂಲಿ ನಿಂತರೆ ಅದೂ ಅಪರಾಧ. ದಿನಾಂಕ ಹಾಕಿ ಬರೆದಿಡಿ.

ಈ ದೂರುಗಳು ಕೋರ್ಟಿನಲ್ಲಿ ಬಿದ್ದುಹೋಗುವುದು ಹೆಚ್ಚಾಗಿ ಬರೆಯುವಾಗಲೇ ಆದ ತಪ್ಪಿನಿಂದ. ‘ಜಾತಿ ನಿಂದನೆ ಮಾಡಿದರು’ ಎಂದು ಬರೆದರೆ ಸಾಲದು. ಆಡಿದ ಮಾತನ್ನು, ಎಷ್ಟೇ ಹೊಲಸಾಗಿದ್ದರೂ, ಇದ್ದಂತೆ ಬರೆಯಬೇಕು. ಎಲ್ಲಿ, ಎಷ್ಟು ಗಂಟೆಗೆ, ಯಾರ ಯಾರ ಮುಂದೆ ಎಂಬುದು ಬೇಕು, ಯಾಕೆಂದರೆ ಬೈಗುಳದ ಅಪರಾಧಕ್ಕೆ ಅದು ಸಾರ್ವಜನಿಕರ ಕಣ್ಣಿಗೆ ಬೀಳುವಂಥ ಜಾಗದಲ್ಲಿ ನಡೆದಿರಬೇಕು. ಮನೆಯ ನಾಲ್ಕು ಗೋಡೆಯೊಳಗೆ ಸಾಕ್ಷಿಯಿಲ್ಲದೆ ನಡೆದದ್ದಕ್ಕೆ ಇದು ಅನ್ವಯಿಸದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನೊಂದವರ ಜಾತಿ ಬರೆಯಿರಿ, ಆರೋಪಿ ಪರಿಶಿಷ್ಟ ಜಾತಿ ಪಂಗಡದವರಲ್ಲ ಎಂಬುದನ್ನೂ ಬರೆಯಿರಿ. ಈ ಕೊನೆಯ ವಾಕ್ಯ ಮರೆತ ದೂರುಗಳು ಎಷ್ಟೋ ಇವೆ.

ಎಫ್‌ಐಆರ್‌ಗೆ ಮೊದಲು ‘ಪ್ರಾಥಮಿಕ ವಿಚಾರಣೆ ಮಾಡ್ತೀವಿ’ ಎಂದರೆ 18ಎ ಕಲಮು ತೋರಿಸಿ, ಅದು ಬೇಕಿಲ್ಲ. ಪ್ರತಿಯನ್ನು ಉಚಿತವಾಗಿ ಕೊಡಬೇಕು. ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ, ದೋಷಾರೋಪ ಪಟ್ಟಿಗೆ 60 ದಿನ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ದೂರನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅದಕ್ಕೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ. ಕರ್ತವ್ಯ ಮಾಡದ ಸರ್ಕಾರಿ ನೌಕರರಿಗೆ ಇದೇ ಕಾಯ್ದೆಯ 4ನೇ ಕಲಮಿನಲ್ಲಿ ಬೇರೆ ಶಿಕ್ಷೆ ಇದೆ. ಜಾತಿ ನಿಂದನೆ, ಪ್ರವೇಶ ತಡೆಯಂಥ ಪ್ರಕರಣಗಳಲ್ಲಿ 1 ಲಕ್ಷ ರೂಪಾಯಿ ಪರಿಹಾರ: ಎಫ್‌ಐಆರ್ ಹಂತದಲ್ಲಿ ಶೇ 25, ದೋಷಾರೋಪ ಪಟ್ಟಿ ಸಲ್ಲಿಸಿದಾಗ ಶೇ 50, ಶಿಕ್ಷೆಯಾದಾಗ ಉಳಿದದ್ದು. ಇದನ್ನು ಸಮಾಜ ಕಲ್ಯಾಣ ಇಲಾಖೆಯಲ್ಲಿ ಬೆನ್ನು ಹತ್ತಬೇಕು. ದೌರ್ಜನ್ಯ ತಡೆ ಸಹಾಯವಾಣಿ 14566, ಮಕ್ಕಳ ಸಹಾಯವಾಣಿ 1098. ಪರಿಶಿಷ್ಟರು, ಹೆಂಗಸರು, ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ನ್ಯಾಯಾಲಯದ ಆವರಣದ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನು ಮಾಡಿ.

ಈ ಕಾಯ್ದೆ ಎಲ್ಲರಿಗೂ ಇಲ್ಲ. ಕರ್ನಾಟಕದಲ್ಲಿ ಪ್ರವರ್ಗ-1ರಲ್ಲಿರುವ ಕೋಲಿ, ಕಬ್ಬಲಿಗ ಮಕ್ಕಳಿಗೆ, ಮುಸ್ಲಿಂ ಮಕ್ಕಳಿಗೆ ಇದು ಅನ್ವಯಿಸುವುದಿಲ್ಲ. ಅವರಿಗೆ ಶಿಕ್ಷಣ ಹಕ್ಕು ಕಾಯ್ದೆ ಮತ್ತು ಮಕ್ಕಳ ಹಕ್ಕುಗಳ ಆಯೋಗದ ದಾರಿಯೇ ಹಿಡಿಯಬೇಕು. ತಪ್ಪು ಕಾಯ್ದೆಯಲ್ಲಿ ಕೊಟ್ಟ ದೂರು ಆರೋಪಿಗೇ ಅನುಕೂಲ.

ಮಗುವಿನ ಬಾಯಲ್ಲಿ ಘಟನೆಯನ್ನು ಪದೇಪದೇ ಹೇಳಿಸಬೇಡಿ. ಒಬ್ಬ ಹೆಣ್ಣುಮಗಳು ಒಮ್ಮೆ ಕೇಳಿ ಬರೆದುಕೊಳ್ಳಲಿ. ವಿಡಿಯೊ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುವುದಂತೂ ಮಾಡಲೇಬೇಡಿ. ನೊಂದ ಮಗುವಿನ ಅಥವಾ ಸಾಕ್ಷಿ ಮಗುವಿನ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆ 2015ರ 74ನೇ ಕಲಮಿನ ಅಪರಾಧ. ಒಳ್ಳೆಯದು ಮಾಡಲು ಹೋದವರೇ ಇದರಲ್ಲಿ ಸಿಕ್ಕಿಬೀಳುತ್ತಾರೆ.

ಮತ್ತೆ ಗುಳೆ ಹೊರಡುವ ಮುಂಚೆ

ದಸರೆ, ದೀಪಾವಳಿ ದಾಟಿದ ಮೇಲೆ ಮಾತಾಡಿ ಪ್ರಯೋಜನವಿಲ್ಲ. ಅಷ್ಟರಲ್ಲಿ ಕೂಲಿಯವರನ್ನು ಕರೆದೊಯ್ಯುವ ಮುಕಾದಮನಿಂದ ಮುಂಗಡ ಕೈಸೇರಿ ಗಾಡಿ ಗೊತ್ತಾಗಿರುತ್ತದೆ. ಸೆಪ್ಟೆಂಬರಿನಲ್ಲೇ ಮನೆಮನೆಗೆ ಹೋಗಿ ಯಾರು ಹೊರಡುತ್ತಾರೆ, ಮಗುವನ್ನು ಅಜ್ಜಿಯ ಹತ್ತಿರ ಬಿಡಲು ಆಗುತ್ತದೆಯೇ ಎಂದು ಕೇಳಿ. ಗುಳೆ ಹೋಗುವವರ ಮಕ್ಕಳಿಗಾಗಿ ಇರುವ ಋತುಮಾನ ವಸತಿ ಶಾಲೆ ಈ ವರ್ಷ ನಿಮ್ಮ ತಾಲೂಕಿಗೆ ಮಂಜೂರಾಗಿದೆಯೇ ಎಂದು ಬಿಇಒ ಕಚೇರಿಯಲ್ಲಿ ಆಗಲೇ ವಿಚಾರಿಸಿ. ಹೆಣ್ಣುಮಕ್ಕಳಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಕೇಳಿ ನೋಡಿ. ಹದಿಮೂರು ಹದಿನಾಲ್ಕರ ಹುಡುಗಿಯನ್ನು ಅಜ್ಜಿಯ ಹತ್ತಿರ ಬಿಟ್ಟುಹೋಗಲು ಹೆದರುವ ತಾಯ್ತಂದೆಯರು ಲಗ್ನದ ಮಾತು ತೆಗೆಯುವುದು ಇದೇ ಹೊತ್ತಿನಲ್ಲಿ. ಅವರಿಗೆ ಬೇಕಿರುವುದು ಉಪದೇಶವಲ್ಲ, ಬೀಗ ಹಾಕುವ ಗೇಟಿರುವ ಹಾಸ್ಟೆಲ್.

ಮಗು ಹೋಗಲೇಬೇಕಾದರೆ ಮೂರು ವಸ್ತು ಜೊತೆಗೆ ಕಳಿಸಿ: ದಾಖಲಾತಿ ಪುಟದ ಫೋಟೊ, ಕಳೆದ ವರ್ಷದ ಅಂಕಪಟ್ಟಿಯ ಜೆರಾಕ್ಸ್, ಇಲ್ಲಿನ ಮುಖ್ಯಗುರುಗಳ ಫೋನ್ ಸಂಖ್ಯೆ. ಫೋನು ಕೆಡುತ್ತದೆ, ಮಾರಾಟವಾಗುತ್ತದೆ. ಆದ್ದರಿಂದ ಸ್ಯಾಟ್ಸ್ ಸಂಖ್ಯೆಯನ್ನೂ ಮುಖ್ಯಗುರುಗಳ ನಂಬರನ್ನೂ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಚೀಟಿ ಮಾಡಿ ಇಡಿ. ಎಲ್ಲಿಗೇ ಹೋದರೂ ಆ ಒಂದು ಕಾರ್ಡನ್ನು ಅವರು ಬಿಟ್ಟುಹೋಗುವುದಿಲ್ಲ.